ರಿಜಲ್ಟ್ ಬರೂದರೊಳಗ ಲಗ್ನ

ನಮ್ಮ ಯಜಮಾನರು ಡಾಕ್ಟರಕಿ ಕಲತಿದ್ದು ಕಿರ್ಗಿಸ್ತಾನದಾಗ. ನಾ ಸಿಂದಗಿಯ ಸರ್ಕಾರಿ ಹೈಸ್ಕೂಲಿನಾಗ ವಿಜ್ಞಾನದ ಟೀಚರ್. ಹೊರದೇಶದಾಗ ಕಲತು ಬಂದವರು ಇಲ್ಲಿ ಇನ್ನೊಂದು ಪರೀಕ್ಷಾ ಪಾಸ್ ಮಾಡೂತನಕ ಒಂದು ಗುಳಗಿ ಸೈತ ಬರದುಕೊಡಂಗಿಲ್ಲ ಅನ್ನೂದು ನನಗ ಗೊತ್ತಿತ್ತು. ನನ್ನ ತವರೂರು ಇಂಡಿಯೊಳಗ ನಮ್ಮ ಓಣಿಯವರಿಗೆ ಎಲ್ಲಿ ಗೊತ್ತಿರತೈತಿ? ಬಸವನ ಬಾಗೇವಾಡಿಯಿಂದ ಅವರು ಕನ್ಯಾ ನೋಡಾಕ ಬಂದ ದಿನ, ಫಾರಿನ್ ಡಾಕ್ಟರ್ ಬಂದಾನಂತ ಓಣಿ ತುಂಬ ಸುದ್ದಿ. ನಾ ಅವಲಕ್ಕಿ ತಾಟು ಹಿಡಕೊಂಡು ಹೊರಗ ಬರೂದರಾಗ ಕಾಕಾ ಎಕ್ಸ್‌ರೇ ಕಿಟಕಿಗೆ ಹಿಡದಿದ್ದ, ಚಿಗವ್ವ ಮೊಳಕಾಲು ಚಾಚಿದ್ಲು, ಬಾಜೂಮನಿಯಾಕಿ ನಾಲಿಗಿ ಹೊರಗ ಹಾಕಿ ನಿಂತಿದ್ಲು. ನನ್ನ ಕಡೆ ಯಾರೂ ನೋಡಲಿಲ್ಲ.

"ನಾ ಇನ್ನೂ ಪಾಸಾಗಿಲ್ರಿ. ಎರಡು ಸಲ ಫೇಲಾಗೇನಿ. ಚೀಟಿ ಬರೀಬಾರದ್ರಿ," ಅಂದ್ರು ಅವರು.

ಕಾಕಾ ಎಕ್ಸ್‌ರೇ ಕೆಳಗಿಳಿಸಿದ, ಚಿಗವ್ವ ಮೊಳಕಾಲು ಮಡಚಿದ್ಲು. ಅವರವ್ವ ಗಡಬಡಿಸಿ, "ಇಲ್ಲಿ ಆಗಲಿಲ್ಲಂದ್ರ ಜರ್ಮನಿ ಐತಿ. ಭಾಷಾ ಕಲಿಯಾಕತ್ತಾನ," ಅಂದ್ಲು. ನಮ್ಮ ಮುದುಕಿ ಆಯಿ ಬಿಡ್ತಾಳೇನು? "ಹಂಗಾರ ಒಂದೀಟು ಮಾತಾಡಿ ತೋರಸಪಾ" ಅಂದ್ಲು. ಅವರು ಏನೋ ಎರಡು ಮಾತು ಅಂದ್ರು.

"ಹಂಗಂದ್ರೇನಪಾ?"

"ನನಗಿನ್ನೂ ಛಲೋ ಬರೂದಿಲ್ಲ ಅಂತರಿ, ಆಯಿ."

ತಾಟು ಹಿಡಕೊಂಡೇ ನಕ್ಕಬಿಟ್ಟೆ. ಹಿಂದ ಬಂದ ಮೂರು ವರಗಳು ಬರೇ ಬಡಾಯಿ ಕೊಚ್ಚಿ ಹೋಗಿದ್ರು. ನನಗ ಈ ಮನಷ್ಯಾನೇ ಬೇಕು ಅನಿಸಿಬಿಟ್ಟಿತು.

ಬೇಕು ಅಂದ್ರ ಆಗಬೇಕಲ್ಲ! ಹೋಗುಮುಂದ ನಮ್ಮಪ್ಪ, "ಪಾಸಾಗಲಿ, ಆಮ್ಯಾಲ ಮಾತಾಡೂಣು" ಅಂದ. ಅವರವ್ವನೂ, "ಪಾಸಾಗಲಿ, ಆಮ್ಯಾಲ ಮಾತಾಡೂಣು" ಅಂದ್ಲು. ಇಬ್ಬರದೂ ಒಂದೇ ಮಾತು ಅಂತ ತಿಳದಿದ್ದೆ, ಹುಚ್ಚಿ. ನಮ್ಮ ಸಾಲಿಯ ಹಿಂದಿ ಟೀಚರ್ ಬಾಗೇವಾಡಿಯಾಕಿ, ಈ ವರನ ಓಣಿಯಾಕಿನೇ. ಆಕಿ ನನ್ನ ಕಣ್ಣು ತೆರಸಿದ್ಲು. "ಏನ್ ಕುಂತೀಯವ್ವಾ? ಮುದ್ದೇಬಿಹಾಳದ ಜಮೀನ್ದಾರರು ತಮ್ಮ ಮಗಳನ್ನ ಕೊಡಾಕ ಕಾಯಾಕತ್ತಾರ. ಪಾಸಾದ ದಿನಾನೇ ಬರ್ತೇವಿ ಅಂದಾರಂತ!"

ಅಂದ್ರ ಅವರು ಫೇಲಾದ್ರ ನಮ್ಮಪ್ಪ ಕೊಡಂಗಿಲ್ಲ, ಪಾಸಾದ್ರ ಅವರವ್ವ ತರಂಗಿಲ್ಲ. ಅವರು ಮೂರನೇ ಸಲ ಪರೀಕ್ಷಾ ಬರದು ಬಂದ ಮ್ಯಾಲ ರಿಜಲ್ಟಿಗೆ ಮೂರೇ ವಾರ ಇತ್ತು. ಏನರ ಆಗಬೇಕಂದ್ರ ಅಷ್ಟರಾಗೇ ಆಗಬೇಕು. 

ಅಪ್ಪ ಲಿಂಬಿ ವ್ಯಾಪಾರಿ. ಅವಗ ತಿಳಿಯೂ ಮಾತಿನ್ಯಾಗೇ ಹೇಳಿದೆ: "ಬ್ಯಾಸಗಿ ಬಂದು ದರ ಏರಿದ ಮ್ಯಾಲ ಲಿಂಬಿ ಹಿಡಿಯವ್ರು ಶಾಣ್ಯಾರೇನಪಾ? ಪಾಸಾದ ಡಾಕ್ಟರ್ ನಮಗ ಎಟಕತಾನೇನು?" ಅಪ್ಪ ಮೀಸಿ ತಿರುವಿ ಒಂದು ತಾಸು ಲೆಕ್ಕಾ ಹಾಕಿದ. ಅತ್ತಾಗ ಹಿಂದಿ ಟೀಚರ್ ಹೋಗಿ ಅವರವ್ವನ ಕಿವಿ ಊದಿದ್ಲು: "ಸರ್ಕಾರಿ ಪಗಾರದ ಹುಡಗಿರಿ. ಇವ ಮತ್ತ ಫೇಲಾದ್ರ ಆಕಿ ನಿಮಗ ಸಿಗತಾಳೇನ್ರಿ?"

ಮರುದಿನಾನೇ ಎರಡೂ ಮನಿಯವರು ಲಗ್ನಕ್ಕ ಅವಸರ ಮಾಡಿದ್ರು. ಮಂಗಲ ಕಾರ್ಯಾಲಯ ಖಾಲಿ ಇರಲಿಲ್ಲ, ಮನಿ ಮುಂದೇ ಪೆಂಡಾಲ್ ಹಾಕಿದ್ರು. ಮಂದಿ ಮಳಿ ಬರಬಾರದಂತ ಬೇಡಕೊಂಡ್ರ ನಾ ರಿಜಲ್ಟ್ ಬರಬಾರದಂತ ಬೇಡಕೊಂಡೆ. ಕಾಕಾ ಹಂದರದಾಗ ನಿಂತು ರಿಜಲ್ಟ್ ಬಂತೇನಂತ ತಾಸಿಗೊಮ್ಮೆ ಮೊಬೈಲ್ ನೋಡಾಂವ. ಹೋಗಿ ಕಸಗೋಬೇಕು ಅನಸ್ತಿತ್ತು, ಮದುಮಗಳಾಗಿ ಹೆಂಗ ಎದ್ದು ಹೋಗಲಿ? ಅಕ್ಷತಾ ಬಿದ್ದ ಮ್ಯಾಲ ಅಪ್ಪನೂ ಅತ್ತಿನೂ ಒಬ್ಬರನೊಬ್ಬರು ನೋಡಿ ನಕ್ಕರು. ಎದುರಿನವರಿಗೆ ಟೋಪಿ ಹಾಕೇವಿ ಅಂತ ಇಬ್ಬರಿಗೂ ಒಳಗೊಳಗ ಖುಷಿ.

ಲಗ್ನ ಆದ ಐದನೇ ದಿನ ರಿಜಲ್ಟ್ ಬಂತು. ಸಿಂದಗಿಯ ಬಾಡಿಗಿ ಮನ್ಯಾಗ ನಾ ರೊಟ್ಟಿ ಬಡಿಯಾಕತ್ತಿದ್ದೆ. ಅವರು ಮೊಬೈಲ್ ನೋಡಿ ನೆಲದ ಮ್ಯಾಲ ಬೋರಲು ಇಟ್ಟರು. ಮತ್ತ ಫೇಲ್. ಸ್ವಲ್ಪ ಹೊತ್ತಿಗೆ ಅಪ್ಪನ ಫೋನ್ ಬಂತು. ಬೈಗುಳ ಅವರಿಗೂ ಕೇಳೂ ಹಂಗ ಬೈದ. ನಾ ಫೋನ್ ಇಟ್ಟ ಮ್ಯಾಲ ಅವರು ತಲಿ ಎತ್ತಲಾರದೇ ಅಂದ್ರು: "ನಿನಗ ಮೋಸ ಆತು. ನಾ ಪಾಸಾಗತೇನಂತ ನಂಬಿ ಲಗ್ನ ಆದಿ."

ಸುಮ್ಮನಿರಬಹುದಿತ್ತು. ಇರಾಕಾಗಲಿಲ್ಲ. ಹಿಟ್ಟಿನ ಕೈಲೇ ಹೋಗಿ ಅವರ ಮುಂದ ಕುಂತೆ.

"ನಂಬಿ ಎಲ್ಲಿ ಆಗೇನ್ರಿ? ಹೆದರಿ ಆಗೇನಿ. ನೀವು ಪಾಸಾಗಿಬಿಟ್ರ ನನಗ ಸಿಗೂದಿಲ್ಲಂತ ಹೆದರಿ."

ಅಷ್ಟೊತ್ತನಕ ತಡಕೊಂಡಿದ್ದವರು ಆಗ ಅತ್ತರು.