ಬೋಣಿಗೆಯ ಕೈ

ಸಂತೆಯ ದಿನ ನಮ್ಮ ಹಿತ್ತಲಿನ ಹಂಡೆ ಬೆಳಗ್ಗೆಯೇ ಬರಿದಾಗುತ್ತಿತ್ತು. ಕಾರಣ, ಎಂಟು ವರ್ಷದ ನನ್ನ ಮಗಳು ಗಿರಿಜಾ ಅಂದು ಬಲಗೈ ತೊಳೆಯುತ್ತಿದ್ದಳು. ಉಳಿದ ದಿನಗಳಲ್ಲಿ ಮಸಿ, ಮಣ್ಣು, ಬೆಲ್ಲ ಮೂರನ್ನೂ ಒಟ್ಟಿಗೇ ಧರಿಸಿ ಓಡಾಡುವ ಆ ಕೈ, ಸಂತೆಯ ದಿನ ಮಾತ್ರ ಕಡಲೆಹಿಟ್ಟಿನಲ್ಲಿ ಮಿಂದು, ನಾಲ್ಕು ತಂಬಿಗೆ ನೀರು ಸುರಿಸಿಕೊಂಡು, ಬಿಸಿಲಲ್ಲಿ ಒಣಗಿ, ಆಮೇಲೆ ಯಾವುದನ್ನೂ ಮುಟ್ಟದೆ ಗಾಳಿಯಲ್ಲೇ ತೇಲುತ್ತ ಬೀದಿಗೆ ಬರುತ್ತಿತ್ತು. ಏನಿದು ಎಂದು ಕೇಳಿದರೆ, “ಅಪ್ಪಾ, ಇದು ಬೋಣಿಗಿ ಮಾಡೂ ಕೈ” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಆ ಕೈಗೆ ಈ ಪದವಿ ಕೊಟ್ಟವಳು ಬದನೆಕಾಯಿ ಮಾರುವ ಫಕೀರವ್ವ. ಶಿರಹಟ್ಟಿಯಲ್ಲಿ ಹುಟ್ಟಿ ಹೊಂಬಳದ ಸೊಸೆಯಾಗಿ ಬಂದ ಮುದುಕಿ. ದಿನದ ಮೊದಲ ವ್ಯಾಪಾರ ಯಾರ ಕೈಯಿಂದ ಆಗುತ್ತದೋ ಅವರ ಕೈಗುಣದಂತೆ ಉಳಿದ ದಿನ ನಡೆಯುತ್ತದೆಂದು ನಂಬಿದವಳು. ಗಿರಿಜಾ ಕೊಟ್ಟ ಒಂದಾಣೆಯನ್ನು ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಎಲೆಯಡಿಕೆಯ ಸಂಚಿಗೆ ಇಳಿಬಿಡುತ್ತಿದ್ದಳು. ಆ ಕ್ಷಣದಲ್ಲಿ ನನ್ನ ಮಗಳ ಮುಖ ನೋಡಬೇಕಿತ್ತು ನೀವು. ಪಟ್ಟಕ್ಕೇರಿದ ರಾಣಿಗೂ ಅಷ್ಟು ಬಿಗುಮಾನ ಇದ್ದಿರಲಾರದು.

ನಾನಾದರೋ ಬೆಟಗೇರಿಯ ಶಾಲೆಯ ಮಾಸ್ತರ. ಕೈಗುಣವೆಂಬುದು ಬರೀ ಮೂಢನಂಬಿಕೆ ಎಂದು ಹಗಲೆಲ್ಲ ಮಕ್ಕಳಿಗೆ ಹೇಳಿ, ಸಂಜೆ ಮನೆಗೆ ಬಂದು ಎಣ್ಣೆಗಾಯಿ ಪಲ್ಯ ತಿನ್ನುತ್ತ ಹೆಂಡತಿಯ ಕೈಗುಣವನ್ನು ಹೊಗಳುವವನು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿದಂತಿದೆ.

ಗದಗಿನ ಸಂತೆಗೆ ಮಕ್ಕಳ ಕೈಹಿಡಿದು ಹೋಗುವುದೆಂದರೆ ನನಗೆ ಭೂಗೋಳದ ಪಾಠದೊಳಗೇ ನಡೆದಾಡಿದ ಹಾಗೆ. ಕೆಲವೇ ವರ್ಷಗಳ ಹಿಂದೆ ಲಕ್ಷ್ಮೇಶ್ವರ ಒಬ್ಬ ಸಂಸ್ಥಾನಿಕರದು, ಶಿರಹಟ್ಟಿ ಇನ್ನೊಬ್ಬರದು, ಮುಂಡರಗಿಯ ಆಚೆಗೆ ನಿಜಾಮನ ಸೀಮೆ, ನಾವು ಮುಂಬಯಿ ಪ್ರಾಂತದವರು. ಆದರೆ ಲಕ್ಷ್ಮೇಶ್ವರದ ನಿಂಬೆಹಣ್ಣು, ಮುಂಡರಗಿಯ ಉಳ್ಳಾಗಡ್ಡಿ, ಹುಲಕೋಟಿಯ ಶೇಂಗಾ ಒಂದೇ ಸಾಲಿನಲ್ಲಿ ಗೋಣಿತಾಟು ಹಾಸಿಕೊಂಡು ಕುಳಿತು, ಒಂದೇ ಕನ್ನಡದಲ್ಲಿ ಜಗಳಾಡಿ, ಸಂಜೆ ಒಂದೇ ಗಡಿಗೆಯಲ್ಲಿ ಬೇಯುತ್ತಿದ್ದವು. ನಾಡು ಒಂದಾಗುತ್ತದೆ ಎಂದು ದೊಡ್ಡವರು ಭಾಷಣ ಮಾಡುತ್ತಿದ್ದ ಕಾಲ ಅದು. ಸಂತೆಗೆ ಆ ಸುದ್ದಿ ಹಳೆಯದಾಗಿತ್ತು.

ಆ ವರ್ಷವೇ ನಮ್ಮ ಮನೆಯಲ್ಲೊಂದು ಒಡಕು ಹುಟ್ಟಿತು. ಒಂದು ಸಂತೆಯ ದಿನ ಗಿರಿಜಾಗೆ ಜ್ವರ. ನಾಲ್ಕು ವರ್ಷದ ತಮ್ಮ ಶಂಕರನಿಗೆ ಅಕ್ಕನ ಪದವಿ ಸಿಕ್ಕಿತು. ಅವನು ಹಿಗ್ಗಿನಿಂದ ಆಣೆ ಕೊಟ್ಟದ್ದೇ ತಡ, ಊರಿಗೆ ಬಿಟ್ಟ ಗೂಳಿಯೊಂದು ಎಲ್ಲಿಂದಲೋ ನುಗ್ಗಿ ಫಕೀರವ್ವನ ರಾಶಿಗೆ ಬಾಯಿ ಹಾಕಿತು. ಜನ ಹೋ ಎಂದರು, ಬುಟ್ಟಿ ಉರುಳಿತು. ಗೂಳಿ ಸಾವಧಾನವಾಗಿ ತಿಂದು ಹೋದ ಮೇಲೆ ಫಕೀರವ್ವ ಹಣೆ ಬಡಿದುಕೊಂಡು ನಕ್ಕಳು: “ಏನ್ ಕೈಯಪಾ ತಮ್ಮಾ ನಿಂದು! ಮುಟ್ಟಿದ ಕೂಡಲೇ ಬುಟ್ಟಿ ಖಾಲಿ ಮಾಡಿದೆಲ್ಲೋ!” ಸಾಲಿಗೆ ಸಾಲೇ ನಕ್ಕಿತು. ನಾಚಿಕೆಯಿಂದ ಹೇಳುತ್ತೇನೆ, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಶಂಕರ ನಗಲಿಲ್ಲ. ಅಂದಿನಿಂದ ಬಲಗೈಯನ್ನು ಅಂಗಿಯೊಳಗೆ ಸೇರಿಸಿಬಿಟ್ಟ. ರೊಟ್ಟಿಯನ್ನು ಎಡಗೈಯಲ್ಲಿ ತಿಂದ. ತಾನೇ ಬೀಜ ಊರಿ ದಿನಾ ನೀರುಣಿಸುತ್ತಿದ್ದ ಹೀರೆಬಳ್ಳಿಯ ಹತ್ತಿರವೂ ಹೋಗದೆ, “ನಾ ಮುಟ್ಟಿದ್ರ ಒಣಗತೈತಿ, ಅಕ್ಕಾ, ನೀನ ಹಾಕು” ಎಂದ. ನಾನು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೂಳಿಯ ಹಸಿವಿಗೂ ನಿನ್ನ ಕೈಗೂ ಏನೂ ಸಂಬಂಧವಿಲ್ಲವೆಂದು ಅರ್ಧ ತಾಸು ವಿವರಿಸಿದೆ. ಎಲ್ಲವನ್ನೂ ಕೇಳಿ ಅವನು, “ಮತ್ತ ಅಕ್ಕನ ಕೈ ಇದ್ದಾಗ ಯಾಕ ಬರಲಿಲ್ಲ?” ಎಂದ. ಹದಿನಾಲ್ಕು ವರ್ಷ ಪಾಠ ಹೇಳಿದ ನಾನು ಅವನನ್ನು ತೊಡೆಯಿಂದ ಇಳಿಸಿ ಎದ್ದುಬಿಟ್ಟೆ. ಅವನ ಅಂಗಿಯ ಖಾಲಿ ತೋಳು ಜೋತಾಡುತ್ತಲೇ ಇತ್ತು.

ಮೂರನೆಯ ವಾರ ಅವನು ಸಂತೆಗೇ ಒಲ್ಲೆನೆಂದು ಜೋಳದ ಚೀಲಗಳ ಹಿಂದೆ ಅಡಗಿ ಕುಳಿತ. ಪುಸಲಾಯಿಸಿ ಹೊರಡಿಸುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಗಿರಿಜಾ ಮಾತ್ರ ಎಂದಿನಂತೆ ಕೈ ತೊಳೆದು, ಗಾಳಿಯಲ್ಲಿ ತೇಲಿಸಿಕೊಂಡು ಮುಂದೆ ಓಡಿದಳು. ನಾವು ತಲುಪಿದಾಗ ಅವಳು ಫಕೀರವ್ವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಮುದುಕಿ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿ ಶಂಕರನ ಅಂಗಿಯ ಖಾಲಿ ತೋಳನ್ನು ನೋಡಿದಳು. ಆಮೇಲೆ ಅರ್ಧಕ್ಕಿಂತ ಹೆಚ್ಚು ಮಾರಿಹೋಗಿದ್ದ ಬುಟ್ಟಿಯ ಮೇಲೆ ಸರಕ್ಕನೆ ಹಸಿ ಗೋಣಿತಾಟು ಎಳೆದಳು.

“ಬರ್ರಿ ಮಾಸ್ತರ್ರ, ಎಷ್ಟೊತ್ತು ಮಾಡಿದ್ರಿ! ಇನ್ನೂ ಬೋಣಿಗೀನ ಆಗಿಲ್ಲ ನೋಡ್ರಿ.”

“ಗೂಳಿ ಬರ್ತೈತಿ” ಎಂದ ಶಂಕರ, ನನ್ನ ಧೋತರದ ಮರೆಯಿಂದ.

“ಬರಲಿ ಬಿಡ ನನ್ನಪ್ಪಾ! ಬಸವಣ್ಣ ತಾನ ಬಂದು ಬಾಯಿ ಹಚ್ಚಿದ ಬದನಿಕಾಯಿ ಅಂತ ಅವತ್ತ ಉಳಿದಿದ್ದನ್ನೆಲ್ಲಾ ಮಂದಿ ಮುಗಿಬಿದ್ದು ಒಯ್ದರು. ನಿಮ್ಮಕ್ಕ ಇಷ್ಟು ದಿನ ಬೋಣಿಗಿ ಮಾಡಿದ್ಲು, ಒಂದಿನಾರ ಬಸವಣ್ಣ ಬಂದಾನೇನು? ಕೇಳು ಬೇಕಾದ್ರ.”

ಇದು ಖರೆಯೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಆಣೆಯನ್ನು ಮುಂದೆ ಹಿಡಿದೆ. ಶಂಕರ ಅಕ್ಕನ ಮುಖ ನೋಡಿದ. ಅದು ಅವಳ ಹಕ್ಕಲ್ಲವೇ? ಆಗ ನನ್ನ ಮಗಳು ಮಾಡಿದ್ದನ್ನು ನಾನು ಸಾಯುವತನಕ ಮರೆಯಲಾರೆ. ಕಡಲೆಹಿಟ್ಟು ಹಚ್ಚಿ ತೊಳೆದು, ಅರ್ಧ ಮೈಲು ಏನನ್ನೂ ಮುಟ್ಟದೆ ತಂದ ಆ ಕೈಯನ್ನು ಬುಟ್ಟಿಯ ಪಕ್ಕದ ಕೆಸರಿನಲ್ಲಿ ಗಸಗಸ ತಿಕ್ಕಿ, ಎತ್ತಿ ತೋರಿಸಿದಳು.

“ನನ್ನ ಕೈ ಹೊಲಸಾಗೈತಿ. ನೀನ ಕೊಡಬೇಕ ಈಗ.”

ಅಂಗಿಯೊಳಗಿಂದ ಶಂಕರನ ಬಲಗೈ ಮೆಲ್ಲಗೆ ಹೊರಬಂತು. ಫಕೀರವ್ವ ಆಣೆಯನ್ನು ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ ಸಂಚಿಗೆ ಹಾಕಿದಳು. ಒಳಗಿದ್ದ ಬೆಳಗಿನ ಗಳಿಕೆ ಝಣಕ್ಕೆಂದಿತು. ಅದನ್ನು ಮುಚ್ಚಲು ಮುದುಕಿ ಕ್ಷಯ ಹಿಡಿದವಳಂತೆ ಕೆಮ್ಮಿದಳು. ಅಷ್ಟರಲ್ಲಿ ಪಕ್ಕದ ಲಕ್ಷ್ಮೇಶ್ವರದ ಹುಸೇನಸಾಬ, ತಳ ಕಾಣುತ್ತಿದ್ದ ನಿಂಬೆಹಣ್ಣಿನ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿ, “ಸಣ್ಣ ಧಣೇರ, ನಮ್ಮದೂ ಬೋಣಿಗಿ ಆಗಿಲ್ರಿ, ಜರಾ ಈ ಕಡೆ ಬರ್ರಿ” ಎಂದ. ಉಳ್ಳಾಗಡ್ಡಿಯವನು ಕೂಗಿದ, ಶೇಂಗಾದವಳು ಕೈಬೀಸಿದಳು. ಆ ಮಟಮಟ ಮಧ್ಯಾಹ್ನ ಆ ಸಾಲಿನಲ್ಲಿ ಒಬ್ಬರಿಗಾದರೂ ಬೋಣಿಗೆ ಆಗಿರಲಿಲ್ಲ! ಸುಳ್ಳು ಹೇಳಬಾರದೆಂದು ಮಕ್ಕಳಿಂದ ದಿನಾ ಬರೆಸುವ ನಾನು, ಅಷ್ಟು ಜನ ಒಟ್ಟಾಗಿ ಹೇಳಿದ ಸುಳ್ಳಿನ ನಡುವೆ ಕಣ್ಣೊರೆಸಿಕೊಳ್ಳುತ್ತ, ಬೇಡದ ಉಳ್ಳಾಗಡ್ಡಿಯನ್ನೂ ಹೊತ್ತುಕೊಂಡು ನಡೆದೆ. ಅಷ್ಟು ಸಂತೋಷ ನನಗೆ ಸತ್ಯದಿಂದಲೂ ಸಿಕ್ಕಿದ್ದು ಕಡಿಮೆ.

ಮುಂದೆ ಕೆಲವು ದಿನಗಳಲ್ಲಿ ನಾಡು ಒಂದಾಯಿತು. ಶಾಲೆಗೆ ಹೊಸ ನಕಾಶೆ ಬಂತು. ಲಕ್ಷ್ಮೇಶ್ವರದಿಂದ ಮುಂಡರಗಿಯ ಆಚೆಯವರೆಗೂ ಒಂದೇ ಬಣ್ಣ. ಸುರುಳಿಯ ದಾರ ಬಿಚ್ಚಿ ಗೋಡೆಗೆ ತೂಗುಹಾಕುವ ಮುಂಚೆ ನನಗೇನನ್ನಿಸಿತೋ, ಮನೆಗೆ ಹೋಗಿ, “ಇಬ್ಬರೂ ಕೈ ತೊಳಕೊಂಡು ಬರ್ರಿ, ಸಾಲ್ಯಾಗ ಹೊಸ ನಕಾಶಿದ ಬೋಣಿಗಿ ಐತಿ” ಎಂದೆ. ಶಂಕರ ಬಲಗೈ ಚಾಚಿಕೊಂಡೇ ಹಿತ್ತಲಿಗೆ ಓಡಿದ.

ಗಿರಿಜಾ ತಂಬಿಗೆ ಹಿಡಿದು ನಿಂತು, ನನ್ನನ್ನು ಓರೆಯಾಗಿ ನೋಡಿ, “ಅಪ್ಪಾ, ಇದು ಮೂಢನಂಬಿಕಿ ಅಲ್ಲೇನು?” ಎಂದಳು.

“ನೀರು ಹಾಕವ್ವಾ” ಎಂದು ನಾನೂ ಕೈ ಮುಂದೆ ಹಿಡಿದೆ.