ಕಾಲೇಜು ನೋಡಲು ಹೋದ ಮಾವ

ನನ್ನ ನಾದಿನಿ ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅವಳಿಗೆ ಕಾಲೇಜು ಹುಡುಕಿದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಅರವತ್ತರ ದಶಕದ ಮಾತು. ಮೇಲೂರಿನಲ್ಲಿ ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲ ಹೆಣ್ಣು ಅವಳಾಗಬೇಕಿತ್ತು. ನಾನು ಏಳನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟು ಸೊಸೆಯಾಗಿ ಬಂದವಳು. ಹಾಗಾಗಿ ಅವಳು ಓದಲೇಬೇಕು ಎಂಬ ಹಟ ಅವಳಿಗಿಂತ ನನಗೇ ಹೆಚ್ಚು.

ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಇಷ್ಟರಲ್ಲಿ ಯಾವುದನ್ನು ಹೋಗಿ ನೋಡುವುದು, ಯಾವುದನ್ನು ಬಿಡುವುದು ಎಂದು ನಾವಿಬ್ಬರೂ ಹುಳುವಿಗೆ ಸೊಪ್ಪು ಹೆಚ್ಚುತ್ತ ಲೆಕ್ಕ ಹಾಕುತ್ತಿದ್ದೆವು. ಅವಳಿಗೆ ಸೈನ್ಸ್ ಬೇಕಿತ್ತು. ಅದು ನನ್ನ ಮಾವನವರ, ಎಂದರೆ ಅವಳ ತಂದೆಯ, ಕಿವಿಗೆ ಬಿತ್ತು.

"ನೀವ್ಯಾಕಮ್ಮ ತಲೆ ಕೆಡಿಸ್ಕೊಳ್ತೀರ? ನಾನು ನೋಡ್ಕೊಂಡು ಬರ್ತೀನಿ."

"ಓದೋಳು ಅವಳಲ್ವಾ ಮಾವ, ಅವಳನ್ನೂ ಕರ್ಕೊಂಡು ಹೋಗಿ."

"ಮನೆ ನೋಡೋಕೆ ಹೆಣ್ಣನ್ನ ಯಾರಾದ್ರೂ ಕರ್ಕೊಂಡು ಹೋಗ್ತಾರಾ?"

ಅವರಿಗೆ ಗೊತ್ತಿದ್ದ ನೋಡುವಿಕೆ ಅದೊಂದೇ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹಿರಿಯರು ಗಂಡಿನ ಮನೆ ನೋಡಿ ಬರುತ್ತಾರೆ. ಸಂಬಂಧ ಒಪ್ಪಿಗೆಯಾಗುವ ತನಕ ಅಲ್ಲಿ ತೊಟ್ಟು ನೀರೂ ಮುಟ್ಟುವುದಿಲ್ಲ. ಉಂಡರೆ ಒಪ್ಪಿದಂತೆಯೇ. ನನ್ನ ತಂದೆಯೂ ಈ ಮನೆಯ ಜಗಲಿಯಲ್ಲಿ ಕೂತು, ಕೊಟ್ಟ ಮಜ್ಜಿಗೆಯನ್ನು ಪಕ್ಕಕ್ಕಿಟ್ಟು ಎದ್ದಿದ್ದರಂತೆ.

ಮಾವ ಜರಿ ಪಂಚೆ ಉಟ್ಟು ಮೊದಲು ಗೌರಿಬಿದನೂರಿಗೆ ಹೋದರು. ವಾಪಸ್ಸು ಬಂದು, "ಗುಮಾಸ್ತರು ಕಾಫಿ ತರಿಸಿದ್ರು. ಇನ್ನೂ ಏನೂ ತೀರ್ಮಾನ ಆಗಿಲ್ವಲ್ಲ, ಮುಟ್ಟಲಿಲ್ಲ" ಎಂದರು.

"ಸೈನ್ಸ್ ಇದೆಯಾ ಅಪ್ಪ?" ನಾದಿನಿ ಕೇಳಿದಳು.

"ಅದನ್ನ ಕೇಳ್ಲಿಲ್ಲ ಕಣಮ್ಮ. ಆ ಊರಲ್ಲಿ ನಮ್ಮೋರು ಅನ್ನೋರು ಒಬ್ರೂ ಇಲ್ಲ. ಅದು ಬೇಡ."

ಹೋದ ಪುಟ್ಟ, ಬಂದ ಪುಟ್ಟ ಎಂದು ನಾನು ಅಡುಗೆಮನೆಯಲ್ಲಿ ಗೊಣಗಿಕೊಂಡೆ. ಚಿಕ್ಕಬಳ್ಳಾಪುರವನ್ನಂತೂ ಅವರು ನೋಡದೆಯೇ ತಳ್ಳಿಹಾಕಿದರು. ಹೆಣ್ಣುಮಗಳು ದಿನಾ ಬಸ್ಸಿನಲ್ಲಿ ಹೋಗಿ ಬಂದರೆ ಊರವರು ಆಡಿಕೊಳ್ಳುತ್ತಾರಂತೆ. ಉಳಿದದ್ದು ಚಿಂತಾಮಣಿ. ಅಲ್ಲಿ ನಮ್ಮ ದೂರದ ನೆಂಟರ ಮನೆಯಿತ್ತು. ಹುಡುಗಿ ಅಲ್ಲೇ ಇದ್ದುಕೊಂಡು ಓದಬಹುದು ಎಂದು ಮಾವ ಹೊರಟರು.

ಸಂಜೆ ಖುಷಿಯಾಗಿಯೇ ಬಂದರು. ಕಾಲೇಜಿನಲ್ಲಿ ಏನನ್ನೂ ಮುಟ್ಟಲಿಲ್ಲವಂತೆ. ಮಧ್ಯಾಹ್ನ ಮಾತ್ರ ನೆಂಟರ ಮನೆಯಲ್ಲಿ ಗಡದ್ದಾಗಿ ಉಂಡರಂತೆ, ಒಬ್ಬಟ್ಟು ಮಾಡಿದ್ದರಂತೆ.

ನನಗೆ ಅನುಮಾನ ಬಂತು. ಕಾಲೇಜು ನೋಡಲು ಬಂದವರಿಗೆ ಯಾರಾದರೂ ಒಬ್ಬಟ್ಟು ಮಾಡುತ್ತಾರೆಯೇ? ಆ ಮನೆಯಲ್ಲಿ ಮದುವೆಗೆ ಬಂದ ಮಗನಿದ್ದ. ಮಾವ ಬಂದದ್ದು ಕಾಲೇಜು ನೋಡಲು, ನೆಂಟರು ತಿಳಿದದ್ದು ಮನೆ ನೋಡಲು ಬಂದರೆಂದು. ಒಂದು ವಾರವೂ ಕಳೆದಿರಲಿಲ್ಲ, ಹುಡುಗಿಯನ್ನೂ ಹೆಂಗಸರನ್ನೂ ಕರೆದುಕೊಂಡು ಬನ್ನಿ, ದಿನ ಗೊತ್ತುಮಾಡೋಣ ಎಂದು ಆ ಮನೆಯಿಂದ ಹೇಳಿಕಳಿಸಿದರು.

ಮಾವ ಕಂಬಕ್ಕೊರಗಿ ಕೂತುಬಿಟ್ಟರು. "ಉಂಡು ಬಂದಿದೀನಿ ಕಣಮ್ಮ. ಈಗ ಯಾವ ಬಾಯಲ್ಲಿ ಬೇಡ ಅನ್ಲಿ?"

"ಉಂಡಿದ್ದು ನೀವು. ಸಂಸಾರ ಮಾಡೋಳು ಅವಳಾ?"

ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಗಂಡ ಹುಳುವಿನ ಮನೆಯಿಂದ ಇಣುಕಿ ನೋಡಿ ಮತ್ತೆ ಒಳಗೆ ಸರಿದರು. ಅವರ ಮೇಲೂ ಸಿಟ್ಟು ಬಂತು. ನಾದಿನಿ ಮಾತ್ರ ಅಳಲಿಲ್ಲ, "ಹೋಗಣ ಅತ್ತಿಗೆ" ಎಂದಳು.

ಹೋದೆವು. ಸಾಲಾಗಿ ಎಲೆ ಹಾಕಿದರು. ಆ ಮನೆಯ ಯಜಮಾನಿ ಒಳ್ಳೆಯ ಹೆಂಗಸು, ತೆಲುಗಿನಲ್ಲೇ ಉಪಚರಿಸಿದರು. "ತಿನಮ್ಮಾ, ಸಿಗ್ಗೆಂದುಕು" ಎಂದರು, ತಿನ್ನು, ನಾಚಿಕೆ ಯಾಕೆ ಎಂದು. ನಾದಿನಿ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಅವಳು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಸಾರು ಆರಿತು. ಯಜಮಾನಿ ಅವಳ ಮುಖ ನೋಡಿದರು, ಮಾವನ ಮುಖ ನೋಡಿದರು, ಮತ್ತೆ ಬಲವಂತ ಮಾಡಲಿಲ್ಲ. ಆಮೇಲೆ ಗಂಡಸರು ಹಿಪ್ಪುನೇರಳೆಯ ಬೆಳೆ ಹೇಗಿದೆ ಎಂದು ಮಾತು ತಿರುಗಿಸಿದರು.

ಸಂಬಂಧ ಅಲ್ಲಿಗೆ ಮುಗಿಯಿತು, ಜೊತೆಗೆ ಚಿಂತಾಮಣಿಯ ಕಾಲೇಜೂ ಹೋಯಿತು. ವಾಪಸ್ಸು ಬಸ್ಸು ಹತ್ತಿದೆವು. ನನಗೆ ಹಸಿವು, ಸಿಟ್ಟು ಎರಡೂ. ಅಪ್ಪ ಮಾಡಿದ ಎಡವಟ್ಟಿಗೆ ಮಗಳ ಓದು ದಂಡವಾಯಿತಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡೆ. ಮನೆಗೆ ಬಂದವಳೇ, "ನಾಳೆ ಚಿಕ್ಕಬಳ್ಳಾಪುರಕ್ಕೆ ನಾವು ಹೋಗ್ತೀವಿ. ನೀವು ಬಂದ್ರೆ ಬನ್ನಿ" ಎಂದುಬಿಟ್ಟೆ.

ಮಾವ ಬಂದರು. ಆದರೆ ಕಾಲೇಜಿನ ಗೇಟಿನ ಹೊರಗೇ ನಿಂತರು. ನಾವಿಬ್ಬರೂ ಒಳಗೆ ಹೋಗಿ ಕೇಳಿದೆವು. ಸೈನ್ಸ್ ಇತ್ತು. ನಾದಿನಿ ಪ್ರಯೋಗಶಾಲೆಯ ಕಿಟಕಿಗೆ ಮುಖ ಆನಿಸಿ ಗಾಜಿನ ಸೀಸೆಗಳನ್ನು ತುಂಬ ಹೊತ್ತು ನೋಡಿದಳು. ವಾಪಸ್ಸು ಬರುವಾಗ ಅಂಗಳದ ನಲ್ಲಿಯ ಹತ್ತಿರ ನಿಂತು, ಗೇಟಿನ ಕಡೆ ತಿರುಗಿ ಅಪ್ಪ ನೋಡುತ್ತಿದ್ದಾರೆಯೇ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಬೊಗಸೆಯೊಡ್ಡಿ ಹೊಟ್ಟೆ ತುಂಬ ನೀರು ಕುಡಿದಳು.

ಮಾವ ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಒಳಗೆ ಬಂದರು.

"ಅರ್ಜಿ ಎಲ್ಲಿ ಕೊಡ್ತಾರೆ, ಕೇಳಮ್ಮ" ಎಂದರು ನನಗೆ.