ಬಿಳಿಗೆರೆ ಅಜ್ಜಿಯ ಕ್ಯಾಮೆರಾ ರುದ್ರೇಶನ ಪಾಲಾದದ್ದು

ಕೋವಿಡ್ ಮುಗಿದ ಮರುವರ್ಷದ ಮಾತು. ತಿಪಟೂರಿನ ನನ್ನ ಸ್ಟುಡಿಯೊವನ್ನು ಮಗಳಿಗೆ ವಹಿಸಿ, ಹಿಂದಿನ ಕೋಣೆಯಲ್ಲಿ ಹಳೆಯ ಕ್ಯಾಮೆರಾಗಳ ರಿಪೇರಿಯೊಂದನ್ನೇ ಇಟ್ಟುಕೊಂಡಿದ್ದೆ. ಫಿಲ್ಮ್ ಸತ್ತೇಹೋಯಿತೆಂದು ಎಲ್ಲರೂ ಅದರ ತಿಥಿ ಮಾಡಿ ಮುಗಿಸಿದ್ದರು. ಈಗ ಜನ ಮತ್ತೆ ಅಜ್ಜಂದಿರ ಕಾಲದ ಕ್ಯಾಮೆರಾ ಹಿಡಿದು ಬರತೊಡಗಿದ್ದರು. ಕೆಲಸಕ್ಕೆ ಕೊರತೆಯಿರಲಿಲ್ಲ. ನೆಮ್ಮದಿಗೆ ಇತ್ತು. ಅದಕ್ಕೆ ಕಾರಣ ತುರುವೇಕೆರೆಯ ರುದ್ರೇಶ.

ರುದ್ರೇಶನೂ ನಾನೂ ಒಬ್ಬರೇ ಗುರುಗಳ ಹತ್ತಿರ ಫೋಟೊ ಕಲಿತವರು. ಕೈಕೆಲಸ ನನಗೇ ಹೆಚ್ಚು ಗೊತ್ತು, ಅದನ್ನು ಅವನೂ ಒಪ್ಪುತ್ತಾನೆ. ಅದೃಷ್ಟ ಮಾತ್ರ ಪೂರ್ತಿ ಅವನದು. ಅವನು ಹೋದ ಮದುವೆಯಲ್ಲಿ ಹೂವಿನಂಥ ಬೆಳಕು ಬೀಳುತ್ತದೆ, ನಾನು ಹೋದ ಮದುವೆಯಲ್ಲಿ ಕರೆಂಟು ಹೋಗುತ್ತದೆ.

ಬಿಳಿಗೆರೆಯ ಗಂಗಮ್ಮ ಎಂಬ ಅಜ್ಜಿಯ ಮನೆಯಲ್ಲಿ ಜಪಾನಿನ ಒಂದು ರೇಂಜ್‌ಫೈಂಡರ್ ಕ್ಯಾಮೆರಾ ಇತ್ತು. ಈ ಜಾತಿಯ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟರೆ ನಡುವೆ ಒಂದೇ ಮುಖ ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಎರಡೂ ಸೇರಿ ಒಂದಾಗುತ್ತವೆ. ಸೇರಿದಾಗ ಫೋಕಸ್ ಸರಿಯಾಯಿತೆಂದು ಅರ್ಥ. ಕೊಬ್ಬರಿ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ಅಜ್ಜಿಯ ಯಜಮಾನರು ಅದನ್ನು ಮುಂಬೈಯಲ್ಲಿ ಕೊಂಡಿದ್ದರು. ಅವರು ಹೋದಮೇಲೆ ಅದು ಕೊಬ್ಬರಿಗೆಂದು ಕಾಯಿ ಒಣಗುವ ಅಟ್ಟದ ಮೂಲೆಯಲ್ಲಿತ್ತು. ಹಳೆಯ ಲೆನ್ಸುಗಳನ್ನು ಕೊಲ್ಲುವುದು ತೇವಕ್ಕೆ ಹಿಡಿಯುವ ಬೂಷ್ಟು. ಆ ಬೆಚ್ಚನೆಯ ಅಟ್ಟದಲ್ಲಿ ತೇವವೇ ಇಲ್ಲದೆ ಲೆನ್ಸು ಹೊಸದರಂತೆ ಉಳಿದಿತ್ತು.

ನಾನು ಆ ಕಡೆ ಹೋದಾಗಲೆಲ್ಲ ಕೇಳುತ್ತಿದ್ದೆ. ಅಜ್ಜಿ ಕಾಫಿ ಕೊಟ್ಟು, ಕ್ಯಾಮೆರಾ ತೋರಿಸಿ, "ಮಾರಕ್ಕಲ್ಲ ಕಣಪ್ಪ ಇದು" ಎಂದು ಮತ್ತೆ ಅಟ್ಟಕ್ಕೆ ಸೇರಿಸುತ್ತಿದ್ದರು. ಇಂದಲ್ಲ ನಾಳೆ ಮನಸ್ಸು ಕರಗೀತು ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರ ಮೊಮ್ಮಗಳ ನಿಶ್ಚಿತಾರ್ಥದ ಫೋಟೊ ತೆಗೆಯಲು ರುದ್ರೇಶ ಹೋದ, ಸಂಜೆ ಅದೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನೆಟ್ಟಗೆ ನನ್ನ ಅಂಗಡಿಗೇ ಬಂದ.

"ಸುಮ್ನೆ ಕೊಟ್ಬುಟ್ರು ಕಣ್ಲಾ" ಎಂದ. "ಒಂದೇ ಮಾತು. ಮೊಮ್ಮಗಳಿಗೆ ತಾಳಿ ಕಟ್ಟೋದ್ನ ಇದ್ರಲ್ಲೇ ತೆಗೀಬೇಕಂತೆ. ಆಗ್ಲಿಲ್ಲ ಅಂದ್ರೆ ವಾಪಸ್ ತಂದಿಡು ಅಂದವ್ರೆ."

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಚೆನ್ನಾಗಿದೆ ಎಂದೆ. ರಾತ್ರಿ ಊಟ ಸೇರಲಿಲ್ಲ. ಏನಾಯ್ತೆಂದು ಹೆಂಡತಿ ಕೇಳಿದ್ದಕ್ಕೆ ಸಾರಿಗೆ ಉಪ್ಪು ಜಾಸ್ತಿ ಎಂದು ಅವಳ ಮೇಲೆ ಹಾಕಿದೆ.

ಮದುವೆ ಹತ್ತಿರವಾದಾಗ ರುದ್ರೇಶ ಮತ್ತೆ ಬಂದ. ಈ ಸಲ ಮುಖ ಸಣ್ಣದಾಗಿತ್ತು. ಬೆಳಿಗ್ಗೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರ್ ಅರ್ಧ ತೆರೆದು ಹಾಗೇ ನಿಲ್ಲುತ್ತದೆ, ಮಧ್ಯಾಹ್ನ ಸರಿಯಾಗಿರುತ್ತದೆ. ಬೆಂಗಳೂರಿನ ಮೆಕ್ಯಾನಿಕ್ ಒಬ್ಬ ಮಧ್ಯಾಹ್ನ ನೋಡಿ ಏನೂ ಆಗಿಲ್ಲ ಎಂದು ಕಳಿಸಿದ್ದನಂತೆ. "ನೀನೇ ನೋಡ್ಲಾ. ಮುಹೂರ್ತ ಇರೋದು ಬೆಳಗಿನ ಜಾವ" ಎಂದು ಬಿಟ್ಟು ಹೋದ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಕಾರ್ತಿಕ ಕಳೆದ ಚಳಿ. ಮರುದಿನ ಅಂಗಡಿ ತೆರೆದಾಗ ಶಟರ್ ಅವನು ಹೇಳಿದಂತೆಯೇ ಕಚ್ಚಿಕೊಂಡಿತ್ತು, ಬಿಸಿಲೇರಿದ ಮೇಲೆ ತಾನಾಗಿಯೇ ಬಿಟ್ಟಿತು. ಮುಂದಿನ ಬಳೆ ಬಿಚ್ಚುತ್ತಿದ್ದಂತೆ ಘಮ್ಮೆಂದು ವಾಸನೆ ಬಂತು. ಕೊಬ್ಬರಿ ಎಣ್ಣೆ. ಬಳೆಯ ಗೀರುಗಳಲ್ಲಿ ಕುಂಕುಮ ಕೂತಿತ್ತು. ನಮ್ಮ ಸೀಮೆಯಲ್ಲಿ ಆಯುಧಪೂಜೆಗೆ ಮಚ್ಚು, ಕುಡುಗೋಲು, ಹೊಲಿಗೆ ಮಿಷನ್ನು ಎಲ್ಲವನ್ನೂ ಒರೆಸಿ ಎಣ್ಣೆ ಸವರಿ ಕುಂಕುಮ ಇಡುತ್ತಾರೆ. ಯಜಮಾನರ ಕ್ಯಾಮೆರಾವನ್ನು ಅಜ್ಜಿ ಬಿಟ್ಟಾರೆಯೇ? ವರ್ಷ ವರ್ಷ ಸವರಿದ ಎಣ್ಣೆ ಒಳಗಿಳಿದು, ಶಟರಿನ ಕಾಗದದಷ್ಟು ತೆಳ್ಳನೆಯ ಉಕ್ಕಿನ ಎಲೆಗಳ ನಡುವೆ ಸೇರಿತ್ತು. ಚಳಿಗಾಲದಲ್ಲಿ ಬಚ್ಚಲಿನ ಕಿಟಕಿಯಲ್ಲಿಟ್ಟ ಎಣ್ಣೆ ಬಾಟಲಿ ಗಟ್ಟಿಯಾಗುವ ಹಾಗೆ ಅಲ್ಲೂ ಆಗುತ್ತಿತ್ತು.

ಮುಚ್ಚಿ, ಬಳೆ ಬಿಗಿದು, ನನಗೂ ಏನೂ ಕಾಣಲಿಲ್ಲ ಎಂದಿದ್ದರೆ ಸಾಕಿತ್ತು. ಬೆಂಗಳೂರಿನವನೇ ಹಾಗೆಂದಿದ್ದ, ನನ್ನತ್ತ ಯಾರೂ ಬೊಟ್ಟು ಮಾಡುತ್ತಿರಲಿಲ್ಲ. ಮುಹೂರ್ತದಲ್ಲಿ ಶಟರ್ ಕಚ್ಚುತ್ತದೆ, ಕ್ಯಾಮೆರಾ ಅಟ್ಟಕ್ಕೆ ಮರಳುತ್ತದೆ, ಮುಂದಿನ ಸಲ ನಾನು ಕಾಫಿ ಕುಡಿಯಲು ಹೋಗುತ್ತೇನೆ. ಇದನ್ನೆಲ್ಲ ನಾನು ಯೋಚಿಸಿದೆ, ಬಹಳ ಹೊತ್ತು, ಬಹಳ ಇಷ್ಟಪಟ್ಟು ಯೋಚಿಸಿದೆ.

ಯೋಚಿಸುತ್ತಲೇ ಸ್ಕ್ರೂಗಳನ್ನು ಬಿಚ್ಚುತ್ತಿದ್ದೆ. ಒಳಗೆ ಕೊಳೆ ಕಂಡ ಮೇಲೆ ಮುಚ್ಚುವುದು ನನ್ನ ಕೈಗೆ ಬರುವುದಿಲ್ಲ. ಇದನ್ನು ಒಳ್ಳೆಯತನ ಎನ್ನಬೇಡಿ, ಅಭ್ಯಾಸ. ಎಲೆಗಳನ್ನು ಒಂದೊಂದಾಗಿ ಲೈಟರಿಗೆ ಹಾಕುವ ಪೆಟ್ರೋಲಿನಲ್ಲಿ ತೊಳೆದೆ. ಶಟರಿನ ಎಲೆ ಒಣಗಿಯೇ ಓಡಬೇಕು, ಅದಕ್ಕೆ ಯಾವ ಎಣ್ಣೆಯೂ ಬೇಡ. ಜೋಡಿಸಿದ ಕ್ಯಾಮೆರಾವನ್ನು ರಾತ್ರಿಯೆಲ್ಲ ಚಳಿಗೆ ಹೊರಗಿಟ್ಟು, ಬೆಳಿಗ್ಗೆ ಒತ್ತಿ ನೋಡಿದೆ. ಚಿಟಿಕೆ ಹೊಡೆದಂತೆ ಸದ್ದಾಯಿತು. ಇಷ್ಟು ಚೆನ್ನಾಗಿ ಮಾಡಬಾರದಿತ್ತು ಅನ್ನಿಸಿತು.

ಮದುವೆ ಅಜ್ಜಿಯ ಮನೆ ಮುಂದಿನ ಚಪ್ಪರದಲ್ಲೇ ನಡೆಯಿತು, ರುದ್ರೇಶ ನನ್ನನ್ನೂ ಕರೆದುಕೊಂಡು ಹೋಗಿದ್ದ. ಮುಹೂರ್ತದ ಹೊತ್ತಿಗೆ ಎಲ್ಲರ ಬಾಯಿಂದಲೂ ಹೊಗೆಯಂತೆ ಉಸಿರು ಬರುತ್ತಿತ್ತು. ಜನ ತಾಳಿ ನೋಡುತ್ತಿದ್ದರು, ನಾನು ರುದ್ರೇಶನ ಬೆರಳು ನೋಡುತ್ತಿದ್ದೆ. ವಾಲಗದ ಅಬ್ಬರದಲ್ಲೂ ಶಟರಿನ ಸದ್ದು ನನಗೆ ಕೇಳಿಸಿದಂತಾಯಿತು. ಕ್ಯಾಮೆರಾ ಇನ್ನು ಅವನದೇ. ಕೊನೆಯದಾಗಿ ಗಂಡು ಹೆಣ್ಣಿನ ನಡುವೆ ಅಜ್ಜಿಯನ್ನು ಕೂರಿಸಿ ಒಂದು ತೆಗೆದ.

ಊಟದ ಹೊತ್ತಿಗೆ ರುದ್ರೇಶ ನನ್ನನ್ನು ಅಜ್ಜಿಯ ಹತ್ತಿರ ಎಳೆದುಕೊಂಡು ಹೋಗಿ, ಇವನೇ ಸರಿಮಾಡಿದ್ದು ಎಂದ. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ಅಮ್ಮಾ, ನಾನು ಅಷ್ಟು ಸಲ ಕೇಳ್ದೆ. ಇವ್ನಿಗೆ ಒಂದೇ ಸಲಕ್ಕೆ ಕೊಟ್ರಲ್ಲ?"

ಅಜ್ಜಿ ಎಲೆಗೆ ಸುಣ್ಣ ಸವರುತ್ತ ಹೇಳಿದರು. "ನೀನು ಬಂದಾಗೆಲ್ಲ ಎಷ್ಟಕ್ಕೆ ಕೊಡ್ತೀರಿ ಅಂತಿದ್ದೆ. ಇವ್ನು, ಅಜ್ಜೀ ಇದ್ರಲ್ಲಿ ನಿಮ್ದೊಂದು ಫೋಟೊ ತೆಗೀಲಾ ಅಂದ ಕಣಪ್ಪ. ನಮ್ಮೆಜಮಾನ್ರು ಹೋದ್ಮೇಲೆ ಯಾರೂ ಅಂದಿರ್ಲಿಲ್ಲ."

ಪಕ್ಕದಲ್ಲಿ ರುದ್ರೇಶ ಫಿಲ್ಮ್ ಸುತ್ತುತ್ತಿದ್ದ. ನನಗೆ ಅವನ ಅದೃಷ್ಟದ ಮೇಲಿದ್ದ ಹೊಟ್ಟೆಕಿಚ್ಚು ಹೋಯಿತು. ಆ ಒಂದು ಪ್ರಶ್ನೆ ಅವನಿಗೆ ಹೊಳೆದು ನನಗೆ ಹೊಳೆಯಲಿಲ್ಲವಲ್ಲ ಎಂಬ ಬೇರೆ ಹೊಟ್ಟೆಕಿಚ್ಚು ಬಂತು. ಮೊದಲಿನದಕ್ಕಿಂತ ಇದು ಕೆಟ್ಟದ್ದು.

ಈ ಕಸುಬು ನನಗೆ ಕಲಿಸಿದ ಪಾಠ ಚಿಕ್ಕದು. ಹೊಟ್ಟೆಕಿಚ್ಚನ್ನು ಆರಿಸಲು ಹೋಗಬೇಡಿ, ಅದು ಆರುವುದಿಲ್ಲ. ಕೈಗೆ ಇಳಿಯದಂತೆ ನೋಡಿಕೊಂಡರೆ ಸಾಕು. ಈಗಲೂ ಪ್ರತಿ ಚಳಿಗಾಲ ಶುರುವಾದಾಗ ರುದ್ರೇಶ ಆ ಕ್ಯಾಮೆರಾ ತಂದು, ಒಂದ್ಸಲ ನೋಡ್ಬುಡು ಎನ್ನುತ್ತಾನೆ. ಅದಕ್ಕೆ ಏನೂ ಆಗಿರುವುದಿಲ್ಲ. ಸ್ವಲ್ಪ ಕೆಲಸ ಇದೆ, ನಾಲ್ಕು ದಿನ ನನ್ನ ಹತ್ತಿರವೇ ಇರಲಿ, ಬಿಟ್ಟು ಹೋಗು ಎನ್ನುತ್ತೇನೆ.